ದಸರೆಯ ಹಾಡು ಅಂಗಡಿಯೊಳಗೆ ಕೇಳಲಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ದಸರೆಯ ಸಿದ್ಧತಾ ಸಭೆಗಳಲ್ಲಿ ದೀಪಾಲಂಕಾರ, ಆನೆಗಳ ತಾಲೀಮಿನ ಜೊತೆಗೆ ಅಂಗಡಿಬೀದಿಯ ಧ್ವನಿವರ್ಧಕಗಳ ವಿಷಯವೂ ಚರ್ಚೆಗೆ ಬರಲಿ ಎಂದು ಕೋರುತ್ತೇವೆ. ಹಬ್ಬಕ್ಕೆ ಅಂಗಡಿಯಲ್ಲಿ ಹಾಡು ಬೇಕೇ ಬೇಕು. ನಾದಸ್ವರ, ವೀಣೆ, ಆಸ್ಥಾನ ವಿದ್ವಾಂಸರು ಚಾಮುಂಡೇಶ್ವರಿಯ ಮೇಲೆ ರಚಿಸಿದ ಕೃತಿಗಳು ಕಿವಿಗೆ ಬಿದ್ದರೇ ಈ ಊರಿಗೆ ನವರಾತ್ರಿಯ ಕಳೆ. ನಮ್ಮ ತಕರಾರು ಬಾಗಿಲ ಮೇಲೆ ರಸ್ತೆಗೆ ಮುಖ ಮಾಡಿ ಕಟ್ಟುವ ಹಾರ್ನ್‌ಗಳ, ಅಂದರೆ ಕಹಳೆಯಾಕಾರದ ಧ್ವನಿವರ್ಧಕಗಳ ಬಗ್ಗೆ.

30 ವಾಟ್‌ನ ಹಾರ್ನ್‌ನಿಂದ ಒಂದು ಮೀಟರ್ ದೂರದಲ್ಲಿ ಸದ್ದು 110 ಡೆಸಿಬೆಲ್ ಸಲೀಸಾಗಿ ದಾಟುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ನೂರು ಮೀಟರ್ ಆಚೆಗೂ 70 ಉಳಿದಿರುತ್ತದೆ. ಎರಡೂ ಕಡೆ ಕಟ್ಟಡಗಳಿರುವ ಸಯ್ಯಾಜಿರಾವ್ ರಸ್ತೆಯಲ್ಲಿ ಅಷ್ಟೂ ಇಳಿಯುವುದಿಲ್ಲ. ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್‌ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಅಲ್ಲಿನ ಮಿತಿ ಹಗಲು 50, ರಾತ್ರಿ 40.

ವಾಣಿಜ್ಯ ಪ್ರದೇಶಕ್ಕೆ ಹಗಲು 65. ಖಾಸಗಿ ಜಾಗದ ಗಡಿಯಲ್ಲಿ ಅದರ ಮೇಲೆ 5ರಷ್ಟು ಹೆಚ್ಚಾಗಬಹುದು, ಅಂದರೆ 70. ಆದರೆ ಒಂದೇ ಸದ್ದಿನ ಎರಡು ಅಂಗಡಿ ಸೇರಿದರೆ 3 ಡೆಸಿಬೆಲ್ ಏರುತ್ತದೆ, ಹತ್ತು ಸೇರಿದರೆ 10. ಪಕ್ಕದವರ ಹಾಡು ತಮ್ಮದನ್ನು ಮುಚ್ಚುತ್ತದೆಂದು ಪ್ರತಿಯೊಬ್ಬರೂ ವಾಲ್ಯೂಮ್ ತಿರುವುತ್ತಾರೆ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದಾಗ ಸ್ವರ ಒಡೆದು ಕರಕರ ಎನ್ನುತ್ತದೆ. ಹಾರ್ನ್ ಕೆಳದನಿಯನ್ನು ಸರಿಯಾಗಿ ಕೊಡುವುದೂ ಇಲ್ಲ: ಮೃದಂಗದ ಎಡಗಡೆಯ ತೊಪ್ಪಿಯ ಗುಮಕು ಕಳೆದುಹೋಗಿ, ಬಲಗಡೆಯ ಟಕಟಕ ಮಾತ್ರ ಉಳಿಯುತ್ತದೆ. ತಂಬೂರಿಯ ಶ್ರುತಿಯಂತೂ ಕೇಳಿಸುವುದೇ ಇಲ್ಲ. ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೇ?

ಇದಕ್ಕೆ ಪರಿಹಾರ ದುಬಾರಿಯದಲ್ಲ. ಹಾರ್ನ್ ಇಳಿಸಿ, ಒಳಗೆ 8–10 ಅಡಿ ಎತ್ತರದಲ್ಲಿ 6 ವಾಟ್‌ನ ಸಣ್ಣ ಸ್ಪೀಕರ್‌ಗಳನ್ನು ಹತ್ತು-ಹನ್ನೆರಡು ಅಡಿಗೊಂದರಂತೆ ಹಂಚಿ, ಹಲವು ಸ್ಪೀಕರ್‌ಗಳನ್ನು ಒಂದೇ ತಂತಿಗೆ ಜೋಡಿಸುವ 100 ವೋಲ್ಟ್ ಲೈನ್‌ನಲ್ಲಿ, ಸ್ಪೀಕರ್ ಎಷ್ಟು ವಾಟ್ ಎಳೆಯಬೇಕೆಂದು ಆರಿಸುವ ಟ್ಯಾಪನ್ನು ಒಂದೂವರೆ ವಾಟ್‌ಗೆ ಇಟ್ಟರೆ ಸಾಕು. ಗಿರಾಕಿ-ಮಾಲೀಕರ ಮಾತು ದನಿ ಏರಿಸದೆ ನಡೆಯುವಷ್ಟು ವಾಲ್ಯೂಮ್ ಇಟ್ಟು, ಆ ಗುಂಡಿಗೆ ಗುರುತು ಹಾಕಿಡಲಿ. ಹಾಡಿನ ಪಟ್ಟಿ ಮೂರ್ನಾಲ್ಕು ಗಂಟೆಯಷ್ಟಾದರೂ ಇರಲಿ, ನಡುನಡುವೆ ಅರ್ಧ ಗಂಟೆ ಬಿಡುವೂ ಇರಲಿ. ದಿನವಿಡೀ ಅದನ್ನೇ ಕೇಳುವವರು ಅಲ್ಲಿನ ಕೆಲಸಗಾರರು. ಅನುಮತಿಯಿಲ್ಲದೆ ಹಾಡು ಹಾಕಲು ಧಾರ್ಮಿಕ ಸಮಾರಂಭಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿರುವ ವಿನಾಯಿತಿ ಅಂಗಡಿಯ ವ್ಯಾಪಾರಕ್ಕೆ ಸಲ್ಲುವುದಿಲ್ಲವೆಂಬುದನ್ನೂ ಮಾಲೀಕರಿಗೆ ತಿಳಿಸಬೇಕು.

ತಪಾಸಣೆಗೆ ಮೊಬೈಲ್ ಆ್ಯಪ್ ನಂಬಬೇಡಿ. ನಿಖರವಾಗಿ 94 ಡೆಸಿಬೆಲ್ ಸದ್ದು ಕೊಡುವ ಕ್ಯಾಲಿಬ್ರೇಟರ್‌ನಿಂದ ಸರಿಪಡಿಸಿದ ಶಬ್ದಮಾಪಕ ಮೀಟರನ್ನು ಎ ತೂಕ (ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಅಳತೆ), ಸ್ಲೋ (ಏರಿಳಿತವನ್ನು ನಿಧಾನವಾಗಿ ತೋರಿಸುವ) ವಿಧಾನಕ್ಕೆ ಇಟ್ಟು, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಹಿಡಿಯಬೇಕು. ಹಾಡು ಇದ್ದಾಗಿನ ಮತ್ತು ನಿಲ್ಲಿಸಿದಾಗಿನ ಎರಡೂ ಅಳತೆ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಬಸ್ಸು-ಆಟೋಗಳ ಸದ್ದನ್ನು ಅಂಗಡಿಯವರ ತಲೆಗೆ ಕಟ್ಟಿದಂತಾಗುತ್ತದೆ.

ನವರಾತ್ರಿಗೆ ಒಂದು ತಿಂಗಳ ಮೊದಲೇ ಪೊಲೀಸ್, ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಒಟ್ಟಿಗೆ ಕೂರಿಸಿ, ಧ್ವನಿವರ್ಧಕದ ಅನುಮತಿ ಪತ್ರದಲ್ಲೇ ಈ ಷರತ್ತುಗಳನ್ನು ಸೇರಿಸಿ. ದೇವರಾಜ ಅರಸು ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ವ್ಯಾಪಾರಿಗಳ ಎದುರಿಗೇ ಸ್ಪೀಕರ್ ಜೋಡಿಸಿ, ಅಳೆದು ತೋರಿಸಿಕೊಡಲು ನಾವು ಸಿದ್ಧ.

ಇಂತಿ,
ಮೈಸೂರಿನ ಧ್ವನಿವರ್ಧಕ ಕೆಲಸಗಾರರು