ಮಲೆನಾಡಿನ ತೊಟ್ಟಿ ಮನೆಗಳನ್ನು ಅಳೆದು ಬರೆದಿಡಿ

ಮಾನ್ಯರೇ,

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಮಗೆಲ್ಲ ತುಂಬಾ ಖುಷಿಯಾಯಿತು. ಹೊಯ್ಸಳರ ಮೂಲ ಊರು ಅಂಗಡಿ ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ ಅಲ್ವಾ. ಆದರೆ ಆ ರಾಜರು ಬಾಳಿದ ಅರಮನೆ ಎಲ್ಲಿದೆ? ಹಳೇಬೀಡಿನಲ್ಲಿ ಅದರ ಅಡಿಪಾಯವಷ್ಟೇ ಉಳಿದಿದೆ. ಬಳಪದ ಕಲ್ಲಿನ ಗುಡಿಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ, ಜನ ಬಾಳಿದ ಮನೆಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆಯ ತೊಟ್ಟಿ ಮನೆಗಳು ಒಂದೊಂದಾಗಿ ಹೋಗುತ್ತಿವೆ.

ನಾನು ಸೊಸೆಯಾಗಿ ಬಂದದ್ದೂ ಅಂಥ ಮನೆಗೇ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಜಗಲಿ, ಹಲಸಿನ ಮರದ ಕಂಬಗಳು. ನಾಲ್ಕೂ ಕಡೆಯ ಮಾಡಿನ, ಅಂದರೆ ಹೆಂಚಿನ ಸೂರಿನ, ನೀರು ತೊಟ್ಟಿಗೇ ಬೀಳುತ್ತದೆ. ಅಲ್ಲಿಂದ ಕಲ್ಲಿನ ಮೋರಿಯಲ್ಲಿ ಹಿತ್ತಲಿಗೆ ಹರಿಯುತ್ತದೆ. ಜುಲೈ ಮಳೆಯಲ್ಲೂ ಜಗಲಿಗೆ ನೀರು ಏರಿದ್ದಿಲ್ಲ. ಅಟ್ಟದ ಹಲಗೆಯ ಮೇಲೆ ಮಣ್ಣು ಹರವಿದ್ದಾರೆ, ಹಾಗಾಗಿ ಏಪ್ರಿಲ್‌ನಲ್ಲೂ ಕೆಳಗೆ ತಂಪು. ಮಾಡಿಗೆ ಮೊದಲು ಇದ್ದದ್ದು ಕುಂಬಾರರ ನಾಡಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಆ ಹೆಂಚು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಬಂತು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಮಗುಚಿ ನೋಡಿದರೆ ಮುದ್ರೆ ಈಗಲೂ ಓದಲು ಬರುತ್ತದೆ.

ಈ ಮನೆಗಳನ್ನು ಕಾಪಾಡಿದ್ದು ಹೊಗೆ. ಅಡುಗೆಮನೆಯ, ಬಚ್ಚಲ ಒಲೆಯ ಹೊಗೆ ಮೇಲೇರಿ ಹೆಂಚು ಹೊರುವ ಮರದ ಪಕಾಸಿ, ರೀಪುಗಳಿಗೆಲ್ಲ ಮಸಿ ಹಿಡಿಸಿ ಹೆಂಚಿನ ಸಂದಿಯಲ್ಲಿ ಹೊರಹೋಗುತ್ತಿತ್ತು. ಮಸಿ ಹಿಡಿದ ಮರಕ್ಕೆ ಹುಳ ಬೀಳುವುದು ಕಡಿಮೆ. ಗ್ಯಾಸ್ ಬಂತು, ಹೆಂಗಸರ ಕಣ್ಣು, ಎದೆ ಉಳಿಯಿತು. ಅದು ಬೇಡ ಎಂದು ಯಾರೂ ಹೇಳಲಾರರು. ಆದರೆ ಒಲೆ ಆರಿದ ಮೇಲೆ ಮರಕ್ಕೆ ಬೇರೆ ಆರೈಕೆ ಬೇಕು ಎಂದು ಮನೆಯವರಿಗೆ ತಿಳಿಸಿ ಹೇಳುವವರೇ ಇರಲಿಲ್ಲ. ಒಂದು ಮೂಲೆ ಕುಸಿಯುತ್ತದೆ, ಇಡೀ ಮನೆಯನ್ನೇ ಕೆಡವಿ ಆರ್‌ಸಿಸಿ ಹಾಕಿಸುತ್ತಾರೆ. ನಮ್ಮಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತದೆ. ಆ ಭಾಗದ ಪಕಾಸಿಗಳು ಇವತ್ತಿಗೂ ಗಟ್ಟಿ.

ಪಕ್ಕದ ಊರಿನಲ್ಲಿ ಒಂದು ದೊಡ್ಡ ಮನೆ ಪಾಲಾಯಿತು. ಅಣ್ಣತಮ್ಮಂದಿರು ಯಾರೂ ಊರಲ್ಲಿಲ್ಲ. ಹಳೇ ಮರದ ವ್ಯಾಪಾರಿ ಬಂದು ಕಂಬಕ್ಕಿಷ್ಟು, ಬಾಗಿಲಿಗಿಷ್ಟು ಎಂದು ಎಣಿಸಿ ಕೊಟ್ಟು ಲಾರಿಗೆ ತುಂಬಿದ. ಕಂಬಗಳು ಈಗ ಯಾವುದೋ ರೆಸಾರ್ಟಿನಲ್ಲಿವೆಯಂತೆ. ಮಾರಿದವರನ್ನು ನಾನು ದೂರುವುದಿಲ್ಲ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ಆಳು ಸಿಗದೆ ಸೋತವರು ಅವರು. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ಮನೆಯ ಒಂದು ನಕ್ಷೆಯಾಗಲಿ, ಒಳಗಿನ ಒಂದು ಫೋಟೊ ಆಗಲಿ ಎಲ್ಲೂ ಇಲ್ಲ. ಚೆನ್ನೈ ಹತ್ತಿರದ ದಕ್ಷಿಣಚಿತ್ರ ಎಂಬ ವಸ್ತುಸಂಗ್ರಹಾಲಯದಲ್ಲಿ ಚಿಕ್ಕಮಗಳೂರಿನ ಮನೆಯೊಂದನ್ನು ಜೋಪಾನ ಮಾಡಿದ್ದಾರೆ. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ್ದಾರೆ. ಹೊರಗಿನವರಿಗೆ ಕಂಡ ಬೆಲೆ ನಮ್ಮ ಜಿಲ್ಲೆಗೂ ಕಾಣಬೇಕು.

ಸ್ಮಾರಕ ಎಂದರೆ ಮನೆಯವರು ಹೆದರುತ್ತಾರೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸದಾಗಿ ಏನೂ ಕಟ್ಟುವಂತಿಲ್ಲ. ಕಾಫಿ ಕಣ, ಗೋದಾಮು ಇರುವ ಮನೆಯವರು ಅದಕ್ಕೆ ಹೇಗೆ ಒಪ್ಪುತ್ತಾರೆ? ನಾನು ಕೇಳುವುದು ಅದನ್ನಲ್ಲ. ಜಿಲ್ಲಾಡಳಿತ ಪಂಚಾಯಿತಿವಾರು ಈ ಮನೆಗಳ ಪಟ್ಟಿ ಮಾಡಿಸಲಿ. ಆರ್ಕಿಟೆಕ್ಚರ್ ಓದುವ ಮಕ್ಕಳನ್ನು ಕಳಿಸಿ ಅಳತೆ, ನಕ್ಷೆ, ಫೋಟೊ ಮಾಡಿಸಲಿ. ಮಾಡಿನ ಕೆಲಸ ಬಲ್ಲ ಬಡಗಿಗಳು ಇನ್ನೂ ಕೆಲವರಿದ್ದಾರೆ. ಅವರ ಕೈಕೆಳಗೆ ನಾಲ್ಕು ಹುಡುಗರಾದರೂ ಕಲಿಯುವ ಹಾಗೆ ಕೂಲಿ ಕೊಡಲಿ. ರಿಪೇರಿಗೆ ಸ್ವಲ್ಪ ನೆರವು ಸಿಕ್ಕರೆ ಎಷ್ಟೋ ಮನೆಗಳು ಉಳಿಯುತ್ತವೆ.

ನಮ್ಮ ಮನೆಯಿಂದಲೇ ಶುರು ಮಾಡಬಹುದು. ಮಳೆ ಹಿಡಿದರೆ ಮಾಡಿನ ಮೇಲೆ ಹತ್ತಲಾಗುವುದಿಲ್ಲ, ಮೇ ತಿಂಗಳೊಳಗೆ ಬರಲಿ. ಬಂದ ಮಕ್ಕಳಿಗೆ ಊಟ, ವಸತಿ ನಾವೇ ನೋಡಿಕೊಳ್ಳುತ್ತೇವೆ.

ಇಂತಿ,
ನಿಮ್ಮ ಓದುಗಳು
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ