ನೆಗಡಿ-ಜ್ವರ ಮತ್ತು ಮನೆಯಲ್ಲಿ ಉಳಿದ ಗುಳಿಗೆಗಳ ಕುರಿತು

ಮಾನ್ಯ ಪಾಲಕರಿಗೆ ನಮಸ್ಕಾರಗಳು.

ಎಂಟನೇ ತರಗತಿಯ ವಿಜ್ಞಾನ ಪಾಠದ ಬಗ್ಗೆ ನಿಮ್ಮಲ್ಲಿ ಕೆಲವರು ಬೇಸರ ಹೇಳಿಕೊಂಡಿದ್ದೀರಿ. ನೆಗಡಿಗೆ ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಗುಳಿಗೆ ಕೊಡಹೋದರೆ ಮಕ್ಕಳು "ಇದು ವೈರಸ್ಸಿಗೆ ನಾಟೂದಿಲ್ಲ" ಅನ್ನುತ್ತಾರೆ, ಶಾಲೆಯವರು ಡಾಕ್ಟರಕಿ ಮಾಡಬಾರದು ಎಂಬುದು ದೂರು. ಹಿರಿಯರಿಗೆ ಎದುರಾಡುವುದನ್ನು ನಾವು ಕಲಿಸಿಲ್ಲ. ಹಾಗೆ ನಡೆದಿದ್ದರೆ ಮಕ್ಕಳಿಗೆ ತಿಳಿಹೇಳುತ್ತೇವೆ. ಆದರೆ ಅವರು ಹೇಳಿದ ಮಾತು ಸರಿಯಿದೆ. ನೆಗಡಿ ಬರುವುದು ವೈರಸ್ಸಿನಿಂದ, ಆ್ಯಂಟಿಬಯೋಟಿಕ್ ನಾಟುವುದು ಬ್ಯಾಕ್ಟೀರಿಯಾಕ್ಕೆ.

ತರಗತಿಯಲ್ಲಿ ಮಕ್ಕಳು ಮೊಸರಿನ ಒಂದು ಹನಿಯನ್ನು ನೀರಲ್ಲಿ ಕದಡಿ, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸಿದರು. ಉರಿಯ ಮೇಲೆ ಎರಡು-ಮೂರು ಸಲ ಹಾಯಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹನಿಸಿ, ಒಂದು ನಿಮಿಷ ಬಿಟ್ಟು ತೊಳೆದರು. ದಪ್ಪಗೆ ಸವರಿದವರಿಗೆ ಬರೀ ನೀಲಿ ಮಸಿ ಕಂಡಿತು. ತೆಳ್ಳಗೆ ಸವರಿದವರಿಗೆ 400 ಪಟ್ಟು ಹಿಗ್ಗಿಸಿದಾಗ ಸಣ್ಣ ಕಡ್ಡಿಗಳು, ಸರದ ಹಾಗೆ ಸಾಲುಗಟ್ಟಿದ ಚುಕ್ಕಿಗಳು ಕಂಡವು. ಅವೇ ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾ. ಫ್ಲೂ ವೈರಸ್ ಸುಮಾರು 100 ನ್ಯಾನೋಮೀಟರ್ ಮಾತ್ರ, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಶಾಲೆಯ ಯಾವ ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ.

ಗಾತ್ರಕ್ಕಿಂತ ದೊಡ್ಡ ವ್ಯತ್ಯಾಸ ರಚನೆಯಲ್ಲಿದೆ. ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಅದರ ಗೋಡೆ ಕಟ್ಟಲು ಬಿಡುವುದಿಲ್ಲ, ಅಜಿತ್ರೋಮೈಸಿನ್ ಅದರ ಪ್ರೋಟೀನ್ ತಯಾರಿಯನ್ನು ತಡೆಯುತ್ತದೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ಪ್ರೋಟೀನ್ ತಯಾರಿಸುವ ವ್ಯವಸ್ಥೆಯೂ ಇಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕು ಅಲ್ಲಿನ ಸಲಕರಣೆಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಗುಳಿಗೆ ಏನನ್ನು ಕೆಡಿಸಬೇಕೋ ಅದೇ ಅಲ್ಲಿಲ್ಲ. ನಮ್ಮ ನಿಪ್ಪಾಣಿ ಕಡೆಯ ರೈತರಿಗೆ ತಂಬಾಕಿನ ಮೊಸಾಯಿಕ್ ರೋಗ ಗೊತ್ತಿರುತ್ತದೆ. 1892ರಲ್ಲಿ ರಷ್ಯಾದ ವಿಜ್ಞಾನಿ ಇವಾನೋವ್‌ಸ್ಕಿ ಆ ರೋಗ ತಗುಲಿದ ಎಲೆಯ ರಸವನ್ನು, ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರು. ಆದರೂ ಆ ರಸ ರೋಗ ಹಚ್ಚಿತು. ಅಂದರೆ ರೋಗ ತಂದದ್ದು ಬ್ಯಾಕ್ಟೀರಿಯಾ ಅಲ್ಲ, ಅದಕ್ಕಿಂತ ಸಣ್ಣದಾದ ವೈರಸ್.

"ಹೋದ ಸಲ ಕೊಟ್ಟಾಗ ಕಡಿಮೆ ಆಗಿತ್ತಲ್ಲ" ಎಂದು ಕೇಳಿದ್ದೀರಿ. ಆಗಿರುತ್ತದೆ. ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ನಡುವೆ ಕೊಟ್ಟ ಗುಳಿಗೆಗೆ ಹೆಸರು ಬರುತ್ತದೆ. ಸಿಂಬಳ ಹಳದಿ-ಹಸಿರು ಆದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ಬೇಕೆಂದೂ ಅಲ್ಲ. ಅದು ನೆಗಡಿಗೆ ನಾಟದಿದ್ದರೂ ಮಗುವಿನ ಕರುಳಿನ ಉಪಕಾರಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದಕ್ಕೇ ಕೆಲವರಿಗೆ ಭೇದಿ ಹತ್ತುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ, ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಅದೇ ಔಷಧ ಕೈಕೊಡಬಹುದು. ನೀರು ಬೆರೆಸಿದ ಅಮಾಕ್ಸಿಸಿಲಿನ್ ಸಿರಪ್ಪಂತೂ ಸಾಮಾನ್ಯವಾಗಿ ಒಂದು ವಾರಕ್ಕಷ್ಟೇ; ಕಪಾಟಿನಲ್ಲಿ ಎತ್ತಿಡುವಂಥದ್ದಲ್ಲ.

ಮಗು ನರಳುವಾಗ ಕೈಕಟ್ಟಿ ಕೂಡ್ರುವುದು ಯಾವ ತಾಯಿ-ತಂದೆಗೂ ಆಗದ ಮಾತು, ಅದು ನಮಗೆ ಅರ್ಥವಾಗುತ್ತದೆ. ಔಷಧವೇ ಬೇಡ ಎಂದು ನಾವು ಎಲ್ಲೂ ಹೇಳಿಲ್ಲ. ಟೈಫಾಯಿಡ್, ಕ್ಷಯ, ಕೆಲವು ಗಂಟಲುನೋವು ಬ್ಯಾಕ್ಟೀರಿಯಾದಿಂದಲೇ ಬರುತ್ತವೆ. ಅಲ್ಲಿ ಡಾಕ್ಟರು ಬರೆದ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ, ಅವರು ಹೇಳಿದಷ್ಟು ದಿನ ತಪ್ಪದೆ ಕೊಡಿ. ಜ್ವರ ಮೂರು ದಿನ ದಾಟಿದರೆ ಡಾಕ್ಟರಲ್ಲಿಗೆ ಕರೆದೊಯ್ಯಿರಿ. ಉಸಿರು ಜೋರಾದರೆ, ಮಗು ನೀರೂ ಕುಡಿಯದಿದ್ದರೆ ಒಂದು ದಿನವೂ ಕಾಯಬೇಡಿ. ಯಾವುದು ಬ್ಯಾಕ್ಟೀರಿಯಾ, ಯಾವುದು ವೈರಸ್ ಎಂದು ತೀರ್ಮಾನಿಸುವುದು ಶಾಲೆಯ ಕೆಲಸವಲ್ಲ, ಮೆಡಿಕಲ್ ಅಂಗಡಿಯ ಕೆಲಸವೂ ಅಲ್ಲ.

ಆದ್ದರಿಂದ ಡಾಕ್ಟರ ಚೀಟಿ ಇಲ್ಲದೆ ಮಕ್ಕಳ ಚೀಲದಲ್ಲಿ ಗುಳಿಗೆ ಕಳಿಸಬೇಡಿ. ಕಳಿಸಿದರೆ ಶಿಕ್ಷಕರು ಕೊಡುವುದಿಲ್ಲ.

ಇನ್ನೂ ಸಂಶಯವಿದ್ದವರು ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯಕ್ಕೆ ಬನ್ನಿ. ಮಕ್ಕಳು ಮಾಡಿದ ಮೊಸರಿನ ಸ್ಲೈಡುಗಳನ್ನು ನೋಡಬಹುದು, ವಿಜ್ಞಾನ ಶಿಕ್ಷಕಿಯನ್ನೂ ಕೇಳಬಹುದು.

ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕರು
ಪ್ರೌಢಶಾಲೆ, ಚಿಕ್ಕೋಡಿ ತಾಲೂಕು, ಬೆಳಗಾವಿ ಜಿಲ್ಲೆ