ಅಳುವ ನಾಯಕಿಗೆ ಹೊಸ ಮಾತು

ಪ್ರೀತಿಯ ಗೆಳೆಯ,

ಹಳೆಯ ಅಮೆರಿಕನ್ ಪ್ರೇಮಕಥೆಯ ಕಾಮಿಕ್ಸಿನಿಂದ ಒಂದು ಚೌಕಟ್ಟು ತೆಗೆದು, ಹೊಸ ತಮಾಷೆಯ ಮಾತು ಬರೆದು ನೀನು ಕಳಿಸಿದ್ದನ್ನು ನೋಡಿದೆ. ಚಿತ್ರದ ಆಯ್ಕೆ ಭೇಷ್: ಮುಂದೆ ಕಣ್ಣೀರಿಡುವ ಹುಡುಗಿ, ಹಿಂದೆ ಹುಬ್ಬು ಗಂಟಿಕ್ಕಿ ನಿಂತ ಗಂಡಸು. ಆದರೆ ಅವಳ ಬಾಯಿಗೆ ಅಷ್ಟುದ್ದದ ಭಾಷಣ ತುರುಕಿ, ಸಾಲದ್ದಕ್ಕೆ ಅವನ ಹುಬ್ಬು ತಿದ್ದಿ ನಗುಮುಖ ಮಾಡಿದ್ದೀಯಲ್ಲ, ಅಲ್ಲೇ ಕೆಟ್ಟಿತು. ಗೆರೆ ಮುಟ್ಟಲೇಬೇಡ. ಚಿತ್ರ ಗಂಭೀರವಾಗಿದ್ದಷ್ಟೂ ಮಾತು ನಗಿಸುತ್ತೆ.

ಅವಳಿಗೆ ಇಷ್ಟೇ ಕೊಡು: "ನಿನಗೋಸ್ಕರ ಎಲ್ಲಾ ಬಿಟ್ಟು ಬಂದೆ, ರಾಬರ್ಟ್!" ಅವನಿಗೆ: "ಗ್ಯಾಸ್ ಆಫ್ ಮಾಡಿ ಬಂದ್ಯಾ?" ಈಗ ಅದೇ ಹುಬ್ಬು ನೋಡು. ವಿರಹಕ್ಕೆಂದು ಬರೆದ ಗಂಟು ಸಿಲಿಂಡರಿನ ಚಿಂತೆಗೂ ಹೇಳಿ ಮಾಡಿಸಿದ ಹಾಗಿದೆ. ಮೊದಲು ಮುಖ ನೋಡು, ಆ ಮುಖ ಇನ್ಯಾವ ಕ್ಷುಲ್ಲಕ ಕಾರಣಕ್ಕೆ ಹಾಗಾಗಬಹುದು ಅಂತ ಯೋಚಿಸು, ಮಾತು ಆಮೇಲೆ. ಜೋಕ್ ಮೊದಲೇ ಹೊಳೆದು, ಅದಕ್ಕೊಪ್ಪುವ ಚಿತ್ರ ಹುಡುಕಿ ಹೊರಟರೆ ಬಹುತೇಕ ಹೊಂದಲ್ಲ.

ಓದುವ ಕಣ್ಣು ಮೇಲಿನ ಎಡಗಡೆಯಿಂದ ಕೆಳಗಿನ ಬಲಕ್ಕೆ ಇಳಿಯುತ್ತೆ, ಹಾಗಾಗಿ ನಗೆಯ ಏಟು ಕೊನೆಯ ಬಲೂನಿನಲ್ಲೇ (ಮಾತು ಬರೆಯುವ ಗುಳ್ಳೆಯಲ್ಲೇ) ಬೀಳಬೇಕು. ಗಂಡಸಿನ ಬಲೂನೇ ಮೊದಲಿದ್ದರೆ ಬಲೂನು ಕಿತ್ತು ಜಾಗ ಬದಲಿಸಬೇಡ, ಮಾತನ್ನೇ ತಿರುವಿ ಹಾಕು. ಮೇಲೆ ನಿರೂಪಣೆ ಬರೆಯುವ ಹಳದಿ ಪಟ್ಟಿಯನ್ನೂ ಸುಮ್ಮನೆ ಬಿಡಬೇಡ. 1947ರಲ್ಲಿ ಅಮೆರಿಕದ ಕಾಮಿಕ್ಸ್‌ಕಾರರಾದ ಜೋ ಸೈಮನ್, ಜ್ಯಾಕ್ ಕರ್ಬಿ 'ಯಂಗ್ ರೊಮ್ಯಾನ್ಸ್' ಎಂಬ ಪ್ರೇಮಕಥೆಗಳ ಕಾಮಿಕ್ಸ್ ಶುರು ಮಾಡಿದಾಗಿನಿಂದ ಈ ಬಗೆಯ ಕಥೆಗಳಲ್ಲಿ ನಾಯಕಿ ತಪ್ಪೊಪ್ಪಿಗೆಯ ಧಾಟಿಯಲ್ಲಿ ತನ್ನ ಕಥೆ ಹೇಳಿಕೊಳ್ಳುತ್ತಾಳೆ. ಆ ಪಟ್ಟಿಗೆ ಪಕ್ಕಾ ಗ್ರಾಂಥಿಕ ಭಾಷೆ, ಬಲೂನಿಗೆ ಆಡುಮಾತು. ಆ ಅಂತರವೇ ಅರ್ಧ ನಗು.

ಈಗ ಕೈಕೆಲಸ. ಬಲೂನಿಗೆ ಅಚ್ಚ ಬಿಳಿ ತುಂಬಿದ್ದೀಯ, ಸ್ಟಿಕರ್ ಅಂಟಿಸಿದ ಹಾಗಿದೆ. ಹಳೆಯ ನ್ಯೂಸ್‌ಪ್ರಿಂಟ್ ಕಾಗದ ಹಳದಿಗೆ ತಿರುಗಿರುತ್ತೆ. ಬಲೂನಿನೊಳಗಿನ ಖಾಲಿ ಜಾಗದಿಂದಲೇ ಬಣ್ಣ ಎತ್ತಿ ತುಂಬು, ಮೇಲೊಂದಿಷ್ಟು ನಾಯ್ಸ್ (ಸಣ್ಣ ಕಾಳುಕಾಳು ಚುಕ್ಕಿ) ಸೇರಿಸು. ಅಕ್ಷರಕ್ಕೂ ಕಡುಗಪ್ಪು ಬೇಡ, ಚಿತ್ರದ ಮಸಿಗೆರೆಯ ಬಣ್ಣವನ್ನೇ ತಗೋ.

ಹೆಚ್ಚು ಕಾಡುವುದು ಕನ್ನಡ ಅಕ್ಷರ ಕೂರಿಸೋದು. ಆ ಬಲೂನುಗಳು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಳತೆ ಮಾಡಿದವು, ಅಲ್ಲಿ ಗೆರೆಯ ಕೆಳಗೆ ಏನೂ ಇಳಿಯಲ್ಲ. ನಮ್ಮಲ್ಲಿ ಒತ್ತು ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ. ಸಾಲಿನ ಅಂತರ ಅಕ್ಷರದ ಅಳತೆಯ 1.4 ಪಟ್ಟಾದರೂ ಇಲ್ಲದಿದ್ದರೆ ಒಂದಕ್ಕೊಂದು ತಾಗುತ್ತೆ. ಮೂರು ಸಾಲು, ನಡುವಿನದು ಉದ್ದ, ಸುತ್ತಲೂ ಒಂದಕ್ಷರದಷ್ಟು ಜಾಗ. ಹಿಡಿಸದಿದ್ದರೆ ಫಾಂಟ್ ಕುಗ್ಗಿಸಬೇಡ, ಪದ ಕಿತ್ತುಹಾಕು. 'ಬಿಟ್ಟುಬಂದಿದ್ದೇನಲ್ಲವೇ' ಥರದ ರೈಲುಬಂಡಿಗೆ ಯಾವ ಬಲೂನೂ ಸಾಲದು. ಫಾಂಟಿಗೆ ಬಲೂ ತಮ್ಮ ಅಥವಾ ಅಕಾಯ ಕನಡಕ (Akaya Kanadaka) ಹಾಕಿ ನೋಡು, ಎರಡೂ ಉಚಿತ. ಫೋಟೊಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರ ಒಡೆದು ಕಂಡರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿಕೋ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಈ ರಗಳೆಯಿಲ್ಲ.

ಕೆನ್ನೆಯ ಮೇಲಿನ ಬಣ್ಣದ ಚುಕ್ಕಿಗಳು ನೀನು ಚಿತ್ರ ಚಿಕ್ಕದು ಮಾಡಿದಾಗ ಅಲೆಅಲೆಯಾಗಿವೆ. ಆ ಚುಕ್ಕಿಗಳ ಸಾಲೂ ಪರದೆಯ ಪಿಕ್ಸೆಲ್ ಸಾಲೂ ಹೊಂದದೆ ಹೀಗಾಗುತ್ತೆ. ದೊಡ್ಡ ಸ್ಕ್ಯಾನಿನಿಂದ ಶುರು ಮಾಡಿ, ತುಸು ಮಸುಕು ಮಾಡಿ, ಒಂದೇ ಸಲಕ್ಕೆ ಬೇಕಾದ ಅಳತೆಗೆ ತಾ. ಪಿಎನ್‌ಜಿಯಲ್ಲೇ ಉಳಿಸು, ಜೆಪಿಇಜಿ ಒತ್ತಡಕ್ಕೆ ಚುಕ್ಕಿಗಳ ಅಂಚು ಕಲಸಿಹೋಗುತ್ತೆ.

ಇನ್ನು ಹಕ್ಕಿನ ಮಾತು. ಹಳೆಯದು ಅಂದಮಾತ್ರಕ್ಕೆ ಎಲ್ಲರ ಸ್ವತ್ತಲ್ಲ. ಅಮೆರಿಕದಲ್ಲಿ 1963ರವರೆಗೆ ಅಚ್ಚಾದ ಪುಸ್ತಕಗಳ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ಮಾಡಿಸದೆ ಬಿಟ್ಟವು ಅಲ್ಲಿ ಮುಕ್ತ. 1964ರಿಂದ ಈಚಿನವಕ್ಕೆ ಆ ಸವಲತ್ತಿಲ್ಲ. ಡಿಜಿಟಲ್ ಕಾಮಿಕ್ ಮ್ಯೂಸಿಯಂ ಎಂಬ ಜಾಲತಾಣದಲ್ಲಿ ಇಂಥ ಮುಕ್ತ ಸಂಚಿಕೆಗಳ ಸ್ಕ್ಯಾನ್ ಸಿಗುತ್ತೆ. ಮೂಲ ಚಿತ್ರಕಾರನ ಹೆಸರು ಗೊತ್ತಿದ್ದರೆ ಅಂಚಿನಲ್ಲಿ ಹಾಕು.

ತಿದ್ದಿದ್ದನ್ನು ಅಕ್ಷರದ ಲೇಯರ್ ಬೇರೆ ಇಟ್ಟೇ ಕಳಿಸು. ಗ್ಯಾಸಿಗಿಂತ ಒಳ್ಳೆ ಮಾತು ಹೊಳೆದರೆ ಧಾರಾಳವಾಗಿ ಬದಲಿಸು, ನಾಲ್ಕು ಪದ ಮೀರದಿರಲಿ.

ನಿನ್ನ ಗೆಳೆಯ